ಬಣ್ಣಗುರುಡ ಬೇಟೆಗಾರನೂ ನೆತ್ತರ ಜಾಡೂ

(ಸಂಘದ ವಾಚನಾಲಯದಲ್ಲಿ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಇಂದಿನ ಭಾಷಣದ ವಿಷಯವನ್ನು ಹಲಗೆಯ ಮೇಲೆ ಓದಿ ಕೆಲವರು ನಕ್ಕರೆಂದು ಕೇಳಿದೆ. ನಗುವುದು ಸಹಜವೇ. ಹೋಟೆಲಿನಲ್ಲಿ ಲೋಟ ತೊಳೆದು, ಮೇಜು ಒರೆಸಿ, ಈಗ ಸಂಘದ ರಶೀದಿ ಪುಸ್ತಕ ಹಿಡಿದು ತಿರುಗುವವನಿಗೂ ಬೇಟೆಗೂ ಏನು ಸಂಬಂಧ? ನಾನು ಕೋವಿ ಹಿಡಿದವನಲ್ಲ. ಹಿಡಿಯುವ ಆಸೆಯೂ ಇಲ್ಲ. ಆದರೆ ಕೆಂಪು ಹಸಿರುಗಳ ಭೇದ ಕಾಣದ ಕಣ್ಣಿನ ವಿಚಾರ ನಮ್ಮ ಕಚೇರಿಗೆ ಮತ್ತೆ ಮತ್ತೆ ಬರುತ್ತಿದೆ. ಊರಿನಿಂದ ಬಂದ ಹುಡುಗ ರಾತ್ರಿಶಾಲೆಯಲ್ಲಿ ಓದಿ, ಹೋಟೆಲು ಬಿಟ್ಟು ಒಂದು ಖಾಯಂ ನೌಕರಿ ಹಿಡಿಯಬೇಕೆಂದು ಹೊರಡುತ್ತಾನೆ. ಬರಹದ ಪರೀಕ್ಷೆ ಪಾಸಾಗುತ್ತದೆ, ಓಟವೂ ಪಾಸಾಗುತ್ತದೆ. ಕೊನೆಗೆ ಡಾಕ್ಟರರು ಚುಕ್ಕೆಗಳ ಒಂದು ಪುಸ್ತಕವನ್ನು ಮುಂದಿಟ್ಟು, ಇದರಲ್ಲಿ ಯಾವ ಅಂಕಿ ಇದೆ ಎಂದು ಕೇಳುತ್ತಾರೆ. ಅವನಿಗೆ ಯಾವ ಅಂಕಿಯೂ ಕಾಣುವುದಿಲ್ಲ. ಅಲ್ಲಿಗೆ ಮುಗಿಯಿತು.

ಇಂಥ ಕಣ್ಣಿನ ಮನುಷ್ಯರು ಲೋಕದಲ್ಲಿ ಹೇಗೆ ಕೆಲಸ ಮಾಡುತ್ತಾರೆಂದು ತಿಳಿಯಲು ನಾನು ಸಿಕ್ಕಿದ್ದನ್ನೆಲ್ಲ ಓದುತ್ತ ಹೋದೆ. ಡಾಕ್ಟರರ ಬರಹಗಳಲ್ಲಿ ದೋಷದ ಹೆಸರುಗಳಿದ್ದವು. ದಾರಿ ಇದ್ದದ್ದು ಬೇಟೆಗಾರರ ಅನುಭವದಲ್ಲಿ. ಯಾಕೆಂದರೆ ಬೇಟೆಗಾರನ ಕಣ್ಣು ಸೋತರೆ ನಷ್ಟ ಅವನೊಬ್ಬನದಲ್ಲ. ಗಾಯಗೊಂಡ ಒಂದು ಜೀವ ಪೊದೆಯೊಳಗೆ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ನರಳಿ ಸಾಯುತ್ತದೆ. ಆದಕಾರಣ ಅವರು ಈ ವಿಷಯವನ್ನು ಬಹಳ ನಿಷ್ಠುರವಾಗಿ ಯೋಚಿಸಿದ್ದಾರೆ. ಅದನ್ನೇ ನಿಮ್ಮ ಮುಂದೆ ಇಡುತ್ತೇನೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕಾಡುಪ್ರಾಣಿಗಳ ಬೇಟೆ ಅಪರಾಧ. ಮಲೆನಾಡಿನ ಬೇಟೆಯ ಕಥೆಗಳನ್ನು ಕುವೆಂಪು ಅವರಲ್ಲಿ ಓದಿದ್ದೇವೆ. ಕೆನೆತ್ ಆಂಡರ್ಸನ್ನನ ಶಿಕಾರಿಯ ಕಥೆಗಳನ್ನು ತೇಜಸ್ವಿಯವರು ಕನ್ನಡಕ್ಕೆ ತಂದದ್ದನ್ನು ಓದಿದ್ದೇವೆ. ಅದು ಹೋದ ಕಾಲ. ನಾನು ಹೇಳುವುದು ಕಾನೂನಿನ ಪ್ರಕಾರವೇ ಬೇಟೆ ನಡೆಯುವ ಅಮೆರಿಕ, ಜರ್ಮನಿಗಳಂಥ ದೇಶಗಳ ಸಂಗತಿ. ಅಮೆರಿಕದಲ್ಲಿ ಬಿಳಿಬಾಲದ ಜಿಂಕೆ ಎಂಬುದೊಂದಿದೆ. ಅದರ ಸಂಖ್ಯೆ ಸುಮಾರು 3 ಕೋಟಿ ಎಂದು ಅಂದಾಜು. ಪ್ರತಿ ವರ್ಷ ಪರವಾನಗಿ ಪಡೆದ ಬೇಟೆಗಾರರು ಲಕ್ಷಗಟ್ಟಲೆ ಜಿಂಕೆಗಳನ್ನು ಹೊಡೆಯುತ್ತಾರೆ. ಅದು ಸರಿಯೋ ತಪ್ಪೋ ಎಂಬ ಚರ್ಚೆ ಇವತ್ತು ಬೇಡ. ಆದರೆ ಹೊಡೆದವನಿಗೆ ಅಲ್ಲಿ ಒಂದು ಧರ್ಮವಿದೆ. ಗಾಯಗೊಂಡ ಮಿಕವನ್ನು ಬಿಟ್ಟು ಮನೆಗೆ ಹೋಗಕೂಡದು. ಅಮೆರಿಕದ ಅನೇಕ ರಾಜ್ಯಗಳಲ್ಲಿ, ಹೊಡೆದ ಪ್ರಾಣಿಯನ್ನು ಹುಡುಕಲು ತಕ್ಕ ಪ್ರಯತ್ನ ಮಾಡದಿದ್ದರೆ ಅದು ಕಾನೂನಿನ ಉಲ್ಲಂಘನೆ. ಜರ್ಮನಿಯ ಬೇಟೆಯ ಕಾನೂನು, ಗಾಯಗೊಂಡ ಪ್ರಾಣಿ ತಪ್ಪಿಸಬಹುದಾದ ನೋವು ಅನುಭವಿಸದಂತೆ ನೋಡಿಕೊಳ್ಳಬೇಕು ಎನ್ನುತ್ತದೆ.

ಈಡು ತಾಗಿದ ಕೂಡಲೇ ಜಿಂಕೆ ಎಷ್ಟೋ ಸಲ ಅಲ್ಲೇ ಬೀಳುವುದಿಲ್ಲ. ಹೃದಯಕ್ಕೋ ಶ್ವಾಸಕೋಶಕ್ಕೋ ತಾಗಿದರೂ ಅದು ನೂರು ಗಜ ಓಡಿ ಬೀಳಬಹುದು. ಹೊಟ್ಟೆಗೆ ತಾಗಿದ್ದರೆ ಮೈಲುಗಟ್ಟಲೆ ಹೋಗಬಹುದು. ಅದನ್ನು ಹುಡುಕುವ ದೊಡ್ಡ ಸಾಧನ ನೆತ್ತರ ಜಾಡು. ಎಲೆಯ ಮೇಲೊಂದು ಹನಿ, ಕಲ್ಲಿನ ಮೇಲೊಂದು ಹನಿ, ಹುಲ್ಲಿನ ಎಸಳಿಗೆ ಒರೆಸಿದ ಒಂದು ಗೆರೆ. ಮಾಮೂಲು ಕಣ್ಣಿಗೆ ಹಸಿರಿನ ನಡುವೆ ಕೆಂಪು ಎದ್ದು ಕಾಣುತ್ತದೆ. ಬಣ್ಣಗುರುಡನಿಗೆ ಅದೇ ಕಾಣುವುದಿಲ್ಲ. ಕೋವಿ ಗುರಿಯಿಡಲು ಅವನ ಕಣ್ಣಿಗೆ ಏನೂ ಕೊರತೆಯಿಲ್ಲ. ಹೊಡೆದ ಮೇಲಿನ ಕರ್ತವ್ಯವೇ ಅವನಿಗೆ ಕಷ್ಟ. ವಿಷಯದ ಗಂಟು ಇರುವುದು ಇಲ್ಲಿ.

ಈ ಬಣ್ಣಗುರುಡು ಎಂದರೇನು? ನಮ್ಮ ಕಣ್ಣಿನ ಹಿಂಭಾಗದ ಪರದೆಯಲ್ಲಿ ಬಣ್ಣ ತಿಳಿಸುವ ಶಂಕುವಿನ ಆಕಾರದ ಕೋಶಗಳಿವೆ. ಅವು ಮೂರು ಬಗೆ. ಈ ಮೂರರ ವರದಿಗಳನ್ನು ಹೋಲಿಸಿ ನೋಡಿ ಮೆದುಳು ಬಣ್ಣ ತೀರ್ಮಾನಿಸುತ್ತದೆ. ಕೆಲವರಿಗೆ ಒಂದು ಬಗೆ ಹುಟ್ಟಿನಿಂದಲೇ ಇರುವುದಿಲ್ಲ, ಇಲ್ಲವೇ ಇದ್ದರೂ ಇನ್ನೊಂದರ ಹಾಗೆಯೇ ವರದಿ ಕೊಡುತ್ತದೆ. ಆಗ ಕೆಂಪು, ಹಸಿರು, ಕಂದು ಇವೆಲ್ಲ ಒಂದರೊಳಗೊಂದು ಕಲೆತುಹೋಗುತ್ತವೆ. ಹಳದಿ, ನೀಲಿ ಚೆನ್ನಾಗಿಯೇ ಕಾಣುತ್ತವೆ. ಲೋಕವೆಲ್ಲ ಹಳೆಯ ಸಿನಿಮಾದ ಹಾಗೆ ಕಪ್ಪು ಬಿಳುಪಾಗಿ ಕಾಣುತ್ತದೆ ಎಂಬುದು ತಪ್ಪು ತಿಳುವಳಿಕೆ. ಹಾಗೆ ಕಾಣುವವರು ಬಹಳ ವಿರಳ.

ಇದು ರೋಗವಲ್ಲ, ಅಂಟುವುದಿಲ್ಲ, ಔಷಧಿಯೂ ಇಲ್ಲ. ಹೆಚ್ಚಾಗಿ ಗಂಡಸರಿಗೇ ಬರುತ್ತದೆ. ಯುರೋಪು ಮೂಲದ ಗಂಡಸರಲ್ಲಿ 100ಕ್ಕೆ 8 ಮಂದಿಗೆ ಇದು ಇದೆ; ಹೆಂಗಸರಲ್ಲಿ 200ಕ್ಕೆ ಒಬ್ಬರಿಗೆ. ಕಾರಣ, ಇದರ ಬೀಜ ಇರುವುದು ಎಕ್ಸ್ ಎಂಬ ವರ್ಣತಂತುವಿನಲ್ಲಿ. ಗಂಡಸಿಗೆ ಆ ತಂತು ಒಂದೇ, ಅದು ತಾಯಿಯಿಂದ ಬರುವುದು. ಹೆಂಗಸಿಗೆ ಎರಡು, ಒಂದು ಕೆಟ್ಟರೆ ಇನ್ನೊಂದು ಕಾಯುತ್ತದೆ. ತಾಯಿಗೆ ಎಲ್ಲ ಬಣ್ಣವೂ ಕಾಣುತ್ತಿದ್ದು ಮಗನಿಗೆ ಕಾಣದಿರಬಹುದು. ಇದನ್ನು ಕೇಳಿ ಯಾರೂ ಮನೆಗೆ ಹೋಗಿ ತಾಯಿಯನ್ನು ಅನ್ನಬೇಡಿ. ಅವಳು ಇದನ್ನು ಆರಿಸಿ ಕೊಟ್ಟದ್ದಲ್ಲ.

ಇದನ್ನು ಮೊದಲು ವಿವರವಾಗಿ ಬರೆದವನು ಇಂಗ್ಲೆಂಡಿನ ಜಾನ್ ಡಾಲ್ಟನ್. ಪರಮಾಣು ಸಿದ್ಧಾಂತದ ಡಾಲ್ಟನ್ ಎಂದು ಶಾಲೆಯಲ್ಲಿ ಓದಿದವನೇ. ನೇಕಾರನ ಮಗ. ತನ್ನ ಕಣ್ಣಿಗೆ ಬಣ್ಣ ಬೇರೆಯಾಗಿ ಕಾಣುತ್ತದೆಂದು 1794ರಲ್ಲಿ ಮ್ಯಾಂಚೆಸ್ಟರಿನ ವಿದ್ವತ್ಸಭೆಯಲ್ಲಿ ತಾನೇ ಓದಿ ಹೇಳಿದ. ಕಣ್ಣಿನೊಳಗಿನ ದ್ರವ ನೀಲಿಯಾಗಿರಬೇಕೆಂದು ಅವನ ಊಹೆ. ತಾನು ಸತ್ತ ಮೇಲೆ ಕಣ್ಣು ಕಿತ್ತು ನೋಡಿರೆಂದು ಹೇಳಿಟ್ಟ. 1844ರಲ್ಲಿ ಅವನು ತೀರಿಕೊಂಡಾಗ ಹಾಗೆಯೇ ನೋಡಿದರು. ದ್ರವ ತಿಳಿಯಾಗಿಯೇ ಇತ್ತು. ಉಳಿದಿಟ್ಟ ಆ ಕಣ್ಣಿನ ಚೂರನ್ನು 1995ರಲ್ಲಿ ಮತ್ತೆ ಪರೀಕ್ಷಿಸಿದಾಗ, ಹಸಿರಿನ ವರದಿ ಕೊಡುವ ಬಗೆಯೇ ಅವನಲ್ಲಿ ಇರಲಿಲ್ಲವೆಂದು ತಿಳಿಯಿತು. ಅವನ ಊಹೆ ತಪ್ಪಾಯಿತು. ಆದರೆ ತನ್ನ ಕಣ್ಣಿನ ವಿಷಯವನ್ನು ಸಭೆಯಲ್ಲಿ ನಿಂತು ಹೇಳಿದ ಅವನ ಧೈರ್ಯದಿಂದ ಈ ವಿದ್ಯೆ ಹುಟ್ಟಿತು.

ಈಗ ಕಾಡಿಗೆ ಬರೋಣ. ಬಣ್ಣದ ಭೇದ ಹೋದರೆ ಉಳಿಯುವುದು ಬೆಳಕಿನ ಭೇದ: ಯಾವುದು ಕಪ್ಪು, ಯಾವುದು ಬಿಳುಪು ಎಂಬುದಷ್ಟೆ. ಹಿಮದ ಮೇಲೆ ನೆತ್ತರು ಬಿದ್ದರೆ ಬಣ್ಣಗುರುಡನಿಗೂ ಕಪ್ಪು ಕಲೆಯಾಗಿ ಸ್ಪಷ್ಟ ಕಾಣುತ್ತದೆ. ಆದರೆ ಕಡುಹಸಿರು ಎಲೆಯ ಮೇಲೆ, ಕಂದು ತರಗೆಲೆಯ ಮೇಲೆ ಬಿದ್ದರೆ ಎಲೆಯೂ ಹನಿಯೂ ಒಂದೇ. ಅಲ್ಲಿ ಬೇಟೆ ನಡೆಯುವುದು ಎಲೆ ಉದುರುವ ಕಾಲದಲ್ಲಿ. ಓಕ್, ಮೇಪಲ್ ಮರಗಳ ಎಲೆಗಳ ಮೇಲೆ ತಾವಾಗಿಯೇ ಕೆಂಪು ಚುಕ್ಕೆಗಳಿರುತ್ತವೆ. ಒಳ್ಳೆಯ ಕಣ್ಣಿನವರೇ ಮೋಸಹೋಗುತ್ತಾರೆ. ಇದಲ್ಲದೆ ನೆತ್ತರ ಬಣ್ಣವೇ ಬೇಟೆಗಾರನಿಗೆ ಒಂದು ಸುದ್ದಿ ಹೇಳುತ್ತದೆ. ತಿಳಿಗೆಂಪಾಗಿ ನೊರೆ ಕೂಡಿದ್ದರೆ ಶ್ವಾಸಕೋಶ, ಕಡುಗೆಂಪಾಗಿದ್ದರೆ ಯಕೃತ್ತು, ಹಸಿರು ಕಸ ಬೆರೆತಿದ್ದರೆ ಹೊಟ್ಟೆ ಎಂದು ಓದಿಕೊಳ್ಳುತ್ತಾರೆ. ಬಣ್ಣಗುರುಡನಿಗೆ ಈ ಓದೂ ಇಲ್ಲ.

ಹಾಗಾದರೆ ಅವನೇನು ಮಾಡುತ್ತಾನೆ? ಒಂದೊಂದಾಗಿ ಹೇಳುತ್ತೇನೆ, ಲಕ್ಷ್ಯಕೊಟ್ಟು ಕೇಳಿ.

ಮೊದಲನೆಯದಾಗಿ, ಅವನು ಕೂಡಲೇ ಓಡುವುದಿಲ್ಲ. ಈಡು ತಾಗಿದಾಗ ಜಿಂಕೆ ಎಲ್ಲಿ ನಿಂತಿತ್ತು, ಹೇಗೆ ನೆಗೆಯಿತು, ಕಣ್ಣಿಗೆ ಕೊನೆಯದಾಗಿ ಯಾವ ಮರದ ಬಳಿ ಕಂಡಿತು ಎಂಬುದನ್ನು ಮನಸ್ಸಿನಲ್ಲಿ ಅಚ್ಚೊತ್ತಿಕೊಳ್ಳುತ್ತಾನೆ. ಬೆನ್ನು ಬಾಗಿಸಿ ಮೆಲ್ಲನೆ ನಡೆದುಹೋಯಿತೆಂದರೆ ಹೊಟ್ಟೆಗೆ ತಾಗಿದೆ ಎಂದು ಲೆಕ್ಕ. ಇದಕ್ಕೆ ಕೆಂಪು ಹಸಿರು ಬೇಕಿಲ್ಲ. ಜರ್ಮನಿಯ ಬೇಟೆಗಾರರಲ್ಲಿ, ಈಡು ತಾಗಿದ ಜಾಗದಲ್ಲಿ ಒಂದು ಟೊಂಗೆ ಮುರಿದು ಗುರುತಿಡುವ ಹಳೆಯ ಪದ್ಧತಿ ಇದೆ. ಎಷ್ಟು ಹೊತ್ತು ಹುಡುಕಿ ದಾರಿ ತಪ್ಪಿದರೂ ಅಲ್ಲಿಗೆ ಬಂದು ಹೊಸದಾಗಿ ಆರಂಭಿಸಬಹುದು.

ಎರಡನೆಯದು ಕಾಯುವುದು. ಎದೆಗೆ ತಾಗಿದ್ದರೆ ಅರ್ಧ ಗಂಟೆ, ಯಕೃತ್ತಿಗಾದರೆ ನಾಲ್ಕಾರು ಗಂಟೆ, ಹೊಟ್ಟೆಗಾದರೆ ಎಂಟರಿಂದ ಹನ್ನೆರಡು ಗಂಟೆ ಎಂಬುದು ಅವರ ರೂಢಿಯ ಲೆಕ್ಕ. ಬೆನ್ನಟ್ಟದಿದ್ದರೆ ಗಾಯಗೊಂಡ ಜಿಂಕೆ ಹತ್ತಿರದಲ್ಲೇ ಮಲಗುತ್ತದೆ. ಅವಸರಪಟ್ಟು ಹೋದರೆ ಎದ್ದು ಓಡುತ್ತದೆ, ಆಮೇಲೆ ಸಿಗುವುದು ಕಷ್ಟ.

ಮೂರನೆಯದು, ನೆತ್ತರಲ್ಲದ ಗುರುತುಗಳು. ಬಿದ್ದ ಕೂದಲು, ಮೂಳೆಯ ಚೂರು. ಓಡುವ ಜಿಂಕೆಯ ಗೊರಸು ಅಗಲವಾಗಿ ಬಿಚ್ಚಿಕೊಂಡು ಮಣ್ಣಿನಲ್ಲಿ ಆಳವಾಗಿ ಊರುತ್ತದೆ. ಕಾಲು ಮುರಿದಿದ್ದರೆ ಎಳೆದ ಗೆರೆ ಮೂಡುತ್ತದೆ. ಒಣಗಿದ ತರಗೆಲೆ ಮಗುಚಿ ಬಿದ್ದು ಒದ್ದೆಯಾದ ಅಡಿಭಾಗ ಮೇಲಾಗಿರುತ್ತದೆ. ಇಬ್ಬನಿ ಕೂತ ಹುಲ್ಲಿನಲ್ಲಿ ದಾರಿ ಬಿಟ್ಟಂತೆ ಗೆರೆ ಕಾಣುತ್ತದೆ. ಜೇಡನ ಬಲೆ ಹರಿದಿರುತ್ತದೆ. ಬಣ್ಣವನ್ನೇ ನೆಚ್ಚಿಕೊಂಡವನು ಇವನ್ನೆಲ್ಲ ತುಳಿದುಕೊಂಡು ಹೋಗುತ್ತಾನೆ. ಬಣ್ಣವಿಲ್ಲದವನು ಇವನ್ನೇ ಅಕ್ಷರ ಮಾಡಿಕೊಂಡು ಓದುತ್ತಾನೆ.

ನಾಲ್ಕನೆಯದು ಹೊಳಪು. ಹಸಿ ನೆತ್ತರು ಒದ್ದೆ, ಒದ್ದೆಯಾದದ್ದು ಹೊಳೆಯುತ್ತದೆ. ತಲೆ ಬಗ್ಗಿಸಿ, ಬೆಳಕಿಗೆ ಎದುರಾಗಿ, ನೆಲಮಟ್ಟದಿಂದ ನೋಡಿದರೆ ಹನಿಗಳು ಮಿನುಗುತ್ತವೆ. ರಾತ್ರಿಯಾದರೆ ದೀಪವನ್ನು ತಲೆಯ ಮೇಲೆ ಹಿಡಿಯದೆ ಪಕ್ಕದಿಂದ, ತಗ್ಗಿನಿಂದ ಹಾಯಿಸಬೇಕು. ಜಾಡಿನ ಮೇಲೆ ಕಾಲಿಡದೆ ಪಕ್ಕದಲ್ಲೇ ನಡೆಯಬೇಕು.

ಐದನೆಯದು ಕೈಯಿಂದ ಪರೀಕ್ಷಿಸುವುದು. ಸಂಶಯ ಬಂದ ಕಲೆಯನ್ನು ಬಿಳಿಯ ಕಾಗದದಿಂದ ಒರೆಸಿದರೆ, ಎಲೆಯ ಹುಟ್ಟುಚುಕ್ಕೆ ಕಾಗದಕ್ಕೆ ಹತ್ತುವುದಿಲ್ಲ, ನೆತ್ತರು ಹತ್ತುತ್ತದೆ. ಆ ಕಾಗದವನ್ನೇ ಅಲ್ಲಿ ಟೊಂಗೆಗೆ ಸಿಕ್ಕಿಸಿ ಮುಂದೆ ಹೋಗುತ್ತಾರೆ. ಹತ್ತು ಕಾಗದಗಳಾದ ಮೇಲೆ ಹಿಂತಿರುಗಿ ನೋಡಿದರೆ ಜಿಂಕೆ ಹಿಡಿದ ದಿಕ್ಕು ಗೆರೆ ಎಳೆದಂತೆ ತಿಳಿಯುತ್ತದೆ. ಇನ್ನೊಂದು ಉಪಾಯ ಔಷಧಿ ಅಂಗಡಿಯ ಹೈಡ್ರೋಜನ್ ಪೆರಾಕ್ಸೈಡ್. ನಮ್ಮಲ್ಲಿ ಕೈ ಕುಯ್ದುಕೊಂಡಾಗ ಹಾಕಿದರೆ ಬುಸ್ ಎಂದು ನೊರೆ ಬರುತ್ತದಲ್ಲ, ಅದೇ. ರಕ್ತದಲ್ಲಿರುವ ಕೆಟಲೇಸ್ ಎಂಬ ವಸ್ತು ಅದನ್ನು ನೀರು ಮತ್ತು ಆಮ್ಲಜನಕವಾಗಿ ಒಡೆಯುವುದರಿಂದ ಬರುವ ನೊರೆ ಅದು. ಸಂಶಯದ ಎಲೆಯ ಮೇಲೆ ಚಿಮುಕಿಸಿದರೆ, ನೆತ್ತರಾಗಿದ್ದಲ್ಲಿ ಬಿಳಿ ನೊರೆ ಏಳುತ್ತದೆ. ಬಿಳಿಯದು ಎಲ್ಲರ ಕಣ್ಣಿಗೂ ಕಾಣುತ್ತದೆ! ಬರಿಯ ಮಣ್ಣಿನಲ್ಲಿಯೂ ಕೆಲವೊಮ್ಮೆ ಸ್ವಲ್ಪ ನೊರೆ ಬರುವುದುಂಟು. ಅದಕ್ಕಾಗಿ ಎಲೆ, ಕಲ್ಲುಗಳ ಮೇಲೆ ನೋಡುವುದು ವಾಸಿ. ಶ್ವಾಸಕೋಶದ ನೆತ್ತರನ್ನು ಅದರೊಳಗಿನ ಗುಳ್ಳೆಗಳಿಂದ ಗುರುತಿಸುತ್ತಾರೆ. ಹೊಟ್ಟೆಯ ಗಾಯವನ್ನು ವಾಸನೆಯಿಂದ. ಕೆಂಪು ಗಾಜಿನ ಕನ್ನಡಕವನ್ನು ಹಾಕಿಕೊಳ್ಳುವವರೂ ಇದ್ದಾರೆ. ಅದರಿಂದ ದೋಷ ಹೋಗುವುದಿಲ್ಲ. ಎಲೆಗಿಂತ ಹನಿ ಬೇರೆಯಾಗಿ ಕಾಣುವಂತೆ ಬೆಳಕಿನ ಭೇದ ಬದಲಾಗುತ್ತದೆ, ಅಷ್ಟೆ.

ಆರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಜೊತೆಗಾರ. ತನಗೆ ಕೆಂಪು ಕಾಣದೆಂದು ತಿಳಿದ ಬೇಟೆಗಾರ ಕೋವಿ ಎತ್ತುವುದಕ್ಕಿಂತ ಮೊದಲೇ, ಕಾಣುವ ಕಣ್ಣಿನ ಒಬ್ಬನಿಗೆ ಹೇಳಿಟ್ಟಿರುತ್ತಾನೆ. ಒಬ್ಬನೇ ಹೋಗಿದ್ದರೆ ಕತ್ತಲಾಗುವ ಹೊತ್ತಿನಲ್ಲಿ ಈಡು ಹೊಡೆಯುವುದಿಲ್ಲ. ದೂರದ, ಖಾತ್ರಿಯಿಲ್ಲದ ಗುರಿಗೂ ಹೊಡೆಯುವುದಿಲ್ಲ. ಹುಡುಕಲಾರೆನೆಂಬ ಸಂಶಯವಿದ್ದಲ್ಲಿ ಗಾಯಮಾಡಬಾರದು ಎಂಬುದು ಅವನ ನಿಯಮ. ಮನೆಯಲ್ಲಿ ಮಗಳಿದ್ದರೆ ಅವಳನ್ನೇ ಕರೆದುಕೊಂಡು ಹೋಗುವವರಿದ್ದಾರೆ. ಹೆಂಗಸರಲ್ಲಿ ಈ ದೋಷ ಕಡಿಮೆ ಎಂದು ಆಗಲೇ ಹೇಳಿದೆನಲ್ಲ.

ಇಷ್ಟಾದರೂ ಸಿಗದಿದ್ದರೆ ನಾಯಿ. ಜರ್ಮನಿಯಲ್ಲಿ ಹ್ಯಾನೋವರ್ ತಳಿ, ಬವೇರಿಯದ ಬೆಟ್ಟದ ತಳಿ ಎಂದು ಇದೇ ಕೆಲಸಕ್ಕೆ ಬೆಳೆಸಿದ ನಾಯಿಗಳಿವೆ. ಉದ್ದದ ಹಗ್ಗ ಕಟ್ಟಿ ಬಿಡುತ್ತಾರೆ; ನಾಯಿ ಮೂಗು ನೆಲಕ್ಕಿಟ್ಟು ಹೊರಡುತ್ತದೆ. ಅಮೆರಿಕದ ಅನೇಕ ರಾಜ್ಯಗಳಲ್ಲಿಯೂ ಹಗ್ಗ ಕಟ್ಟಿದ ನಾಯಿಗೆ ಈಗ ಅನುಮತಿಯುಂಟು. ನಾಯಿ ಹಿಡಿಯುವುದು ನೆತ್ತರ ವಾಸನೆಯೊಂದನ್ನೇ ಅಲ್ಲ. ಜಿಂಕೆಯ ಗೊರಸುಗಳ ಸಂದಿಯಲ್ಲಿರುವ ಗ್ರಂಥಿಯ ವಾಸನೆಯನ್ನೂ ಹಿಡಿಯುತ್ತದೆ. ನೆತ್ತರು ನಿಂತುಹೋದ ಮೇಲೂ ಅದು ಜಾಡು ಬಿಡದಿರುವುದು ಇದರಿಂದಲೇ.

ಇಲ್ಲಿ ಒಂದು ತಮಾಷೆ ಇದೆ, ಕೇಳಿ. ಆ ನಾಯಿಯೂ ಬಣ್ಣಗುರುಡೇ. ನಾಯಿಯ ಕಣ್ಣಿನಲ್ಲಿರುವುದು ಎರಡೇ ಬಗೆಯ ಶಂಕುಗಳು; 1989ರಲ್ಲಿ ಅಮೆರಿಕದ ವಿಜ್ಞಾನಿಗಳು ಇದನ್ನು ಪರೀಕ್ಷಿಸಿ ತೋರಿಸಿದರು. ಜಿಂಕೆಯೂ ಹಾಗೆಯೇ ಎಂದು 1994ರಲ್ಲಿ ಪ್ರಕಟವಾಯಿತು. ಅದಕ್ಕಾಗಿಯೇ ಅಮೆರಿಕದ ಬೇಟೆಗಾರ ಉಜ್ವಲ ಕಿತ್ತಳೆ ಬಣ್ಣದ ಅಂಗಿ ತೊಟ್ಟುಕೊಂಡರೂ ಜಿಂಕೆ ಬೆದರುವುದಿಲ್ಲ. ಆ ಅಂಗಿ ಇನ್ನೊಬ್ಬ ಬೇಟೆಗಾರ ತನ್ನ ಮೇಲೆ ಗುಂಡು ಹಾರಿಸದಿರಲಿ ಎಂದು. ನಮ್ಮ ಕಾಡಿನ ಹುಲಿಯ ಸಂಗತಿಯೂ ಇದೇ. ನಮ್ಮ ಕಣ್ಣಿಗೆ ಕಿತ್ತಳೆಯಾಗಿ ಉರಿಯುವ ಹುಲಿ ಜಿಂಕೆಯ ಕಣ್ಣಿಗೆ ಹಸಿರಿನೊಳಗೆ ಕರಗಿಹೋಗುತ್ತದೆಂದು 2019ರಲ್ಲಿ ಬ್ರಿಸ್ಟಲಿನ ಸಂಶೋಧಕರು ತೋರಿಸಿದರು. ಹೀಗೆ ಆ ಕಾಡಿನಲ್ಲಿ ಬೇಟೆಗಾರ, ನಾಯಿ, ಜಿಂಕೆ ಮೂವರೂ ಒಂದೇ ಬಗೆಯ ಕಣ್ಣಿನವರು. ಆದರೂ ಕೆಲಸ ನಡೆಯುತ್ತದೆ.

ಇನ್ನೊಂದು ಮಾತು. ಮುಸ್ಸಂಜೆಯಲ್ಲಿ ಎಲ್ಲರ ಕಣ್ಣೂ ಬಣ್ಣ ಕಳೆದುಕೊಳ್ಳುತ್ತದೆ. ಬೆಳಕು ಇಳಿದಂತೆ ಕೆಂಪು ಮೊದಲು ಕಪ್ಪಾಗುತ್ತದೆ, ನೀಲಿ ಹೆಚ್ಚು ಹೊತ್ತು ಉಳಿಯುತ್ತದೆ. ಬೊಹೀಮಿಯದ ಪುರ್ಕಿನ್ಯೆ ಎಂಬ ವಿದ್ವಾಂಸ ಹತ್ತೊಂಬತ್ತನೆಯ ಶತಮಾನದ ಮೊದಲಲ್ಲೇ ಇದನ್ನು ಕಂಡಿದ್ದ. ಇದಕ್ಕೆ ಎದುರಾದ ಸಂಗತಿಯೂ ಇದೆ. ಬಣ್ಣದ ಗೊಂದಲದಿಂದ ಮರೆಮಾಡಿದ ವಸ್ತುವಿನ ಆಕಾರವನ್ನು, ಒಳ್ಳೆಯ ಕಣ್ಣಿನವರು ಕಾಣದಿದ್ದಾಗ ಬಣ್ಣಗುರುಡರು ಕಂಡುಹಿಡಿದರೆಂದು 1992ರಲ್ಲಿ ಇಂಗ್ಲೆಂಡಿನ ಪ್ರಯೋಗವೊಂದು ತೋರಿಸಿತು. ಪೊದೆಯೊಳಗೆ ಅಲುಗದೆ ಮಲಗಿದ ಜಿಂಕೆಯ ಬೆನ್ನಿನ ಗೆರೆಯನ್ನು ತಾವೇ ಮೊದಲು ಕಾಣುತ್ತೇವೆ ಎಂದು ಹೇಳಿಕೊಳ್ಳುವ ಬಣ್ಣಗುರುಡ ಬೇಟೆಗಾರರಿದ್ದಾರೆ. ಆ ಮಾತನ್ನು ಸುಮ್ಮನೆ ಜಂಬವೆಂದು ತಳ್ಳಿಹಾಕುವಂತಿಲ್ಲ.

ಬಂಧುಗಳೇ, ಇನ್ನು ನಮ್ಮ ವಿಚಾರ. ನೌಕರಿಗೆ ಬಣ್ಣದ ಪರೀಕ್ಷೆ ಬಂದದ್ದು ರೈಲಿನಿಂದ. 1875ರ ನವೆಂಬರಿನಲ್ಲಿ ಸ್ವೀಡನ್ ದೇಶದ ಲಾಗರ್‌ಲುಂಡಾ ಎಂಬಲ್ಲಿ ಎರಡು ರೈಲುಗಳು ಢಿಕ್ಕಿಯಾಗಿ 9 ಮಂದಿ ಸತ್ತರು. ಉಪ್ಸಾಲಾದ ಹೋಲ್ಮ್‌ಗ್ರೆನ್ ಎಂಬ ಪ್ರೊಫೆಸರರು, ಇಂಜಿನಿನ ಮೇಲಿದ್ದವನಿಗೆ ಸಿಗ್ನಲಿನ ಬಣ್ಣ ಕಾಣದಿದ್ದದ್ದೇ ಕಾರಣವಿರಬಹುದೆಂದು ವಾದಿಸಿ, ಉಣ್ಣೆಯ ದಾರಗಳನ್ನು ಆರಿಸುವ ಒಂದು ಪರೀಕ್ಷೆಯನ್ನು ಜಾರಿಗೆ ತಂದರು. ಡ್ರೈವರ್ ಸತ್ತುಹೋಗಿದ್ದ, ಅವನ ಕಣ್ಣಿನ ಪರೀಕ್ಷೆ ಆಗಿರಲಿಲ್ಲ. ಆ ವಾದಕ್ಕೆ ಪುರಾವೆ ಸಾಲದೆಂದು 2012ರಲ್ಲಿ ಇಬ್ಬರು ಸಂಶೋಧಕರು ಬರೆದಿದ್ದಾರೆ. ಸತ್ತ ಕೆಲಸಗಾರನ ಮೇಲೆ ಕಾರಣ ಹೊರಿಸುವುದು ಸುಲಭ ಎಂಬುದನ್ನು ನಾವು ಯಾರಿಂದಲೂ ಕಲಿಯಬೇಕಾಗಿಲ್ಲ. ಆದರೆ ಪರೀಕ್ಷೆಯೇ ಬೇಡವೆಂದು ನಾನು ಹೇಳುವುದಿಲ್ಲ. ನೂರಾರು ಜನರನ್ನು ಕೂರಿಸಿಕೊಂಡು ಇಂಜಿನ್ ಓಡಿಸುವವನಿಗೆ ಕೆಂಪು ಕೆಂಪಾಗಿಯೇ ಕಾಣಬೇಕು. ಆ ಹಟ ಬೇಡ. ನಾವು ಕೇಳಬೇಕಾದ ಪ್ರಶ್ನೆ ಬೇರೆ: ಬಣ್ಣ ಬೇಡದ ಕೆಲಸಕ್ಕೂ ಅದೇ ಪರೀಕ್ಷೆ ಯಾಕೆ? ಕಣ್ಣು ಸೋತವನನ್ನು ಬೀದಿಗೆ ತಳ್ಳುವುದೇ ಯಾಕೆ?

ಆ ಚುಕ್ಕೆಗಳ ಪುಸ್ತಕ 1917ರಲ್ಲಿ ಜಪಾನಿನ ಇಶಿಹಾರ ಎಂಬ ಡಾಕ್ಟರರು ಪ್ರಕಟಿಸಿದ್ದು. ದೋಷ ಇದೆಯೋ ಇಲ್ಲವೋ ಎಂಬುದನ್ನು ಅದು ಚೆನ್ನಾಗಿ ಹೇಳುತ್ತದೆ. ಈ ಮನುಷ್ಯ ಈ ಕೆಲಸವನ್ನು ಮಾಡಬಲ್ಲನೇ ಎಂಬುದನ್ನು ಅದು ಹೇಳಲಾರದು. ಬೇಟೆಗಾರ ಆ ಪುಸ್ತಕದಲ್ಲಿ ಫೇಲಾಗಿಯೂ ಕಾಡಿನಲ್ಲಿ ಪಾಸಾಗುತ್ತಾನೆ, ಅಲ್ಲವೇ?

ಸರಕಾರವೂ ನ್ಯಾಯಾಲಯವೂ ಈಚೆಗೆ ಇದನ್ನು ಸ್ವಲ್ಪ ಸ್ವಲ್ಪವಾಗಿ ಒಪ್ಪಿವೆ. 2020ರ ಜೂನಿನಲ್ಲಿ ಕೇಂದ್ರ ಸರಕಾರ ನಿಯಮ ತಿದ್ದಿ, ಅಲ್ಪ ಮತ್ತು ಮಧ್ಯಮ ಪ್ರಮಾಣದ ಬಣ್ಣಗುರುಡಿನವರಿಗೂ ಮೋಟಾರು ಓಡಿಸುವ ಲೈಸೆನ್ಸ್ ಸಿಗುವಂತೆ ಮಾಡಿತು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಚಿತ್ರಸಂಕಲನದ ತರಗತಿಗೆ ಈ ಕಾರಣದಿಂದ ಜಾಗ ಸಿಗದೆ ಹೋದ ವಿದ್ಯಾರ್ಥಿಯೊಬ್ಬ ಸುಪ್ರೀಂ ಕೋರ್ಟಿಗೆ ಹೋದ. 2022ರ ಏಪ್ರಿಲಿನಲ್ಲಿ ಕೋರ್ಟು, ಬಣ್ಣಗುರುಡರಿಗೆ ಅಲ್ಲಿನ ಎಲ್ಲ ತರಗತಿಗಳಲ್ಲಿಯೂ ಪ್ರವೇಶವಿರಬೇಕೆಂದು ಹೇಳಿತು.

ನಮಗೆ ಬಹಳ ಹತ್ತಿರದ್ದು ಹೈದರಾಬಾದಿನ ಸಂಗತಿ. 2014ರಲ್ಲಿ ರಾಜ್ಯ ರಸ್ತೆ ಸಾರಿಗೆ ಸಂಸ್ಥೆಯಲ್ಲಿ ಡ್ರೈವರಾಗಿ ಸೇರಿದ ಒಬ್ಬರಿಗೆ ಆಮೇಲಿನ ತಪಾಸಣೆಯಲ್ಲಿ ಬಣ್ಣಗುರುಡು ಇದೆಯೆಂದು ಹೇಳಿ 2016ರಲ್ಲಿ ಕೆಲಸದಿಂದ ಬಿಡಿಸಿದರು. ಬೇರೆ ಕೆಲಸ ಕೊಡಿರೆಂದು ಅವರು ಕೇಳಿದರು, ಕೊಡಲಿಲ್ಲ. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಅಲ್ಲಿ ಅವರ ಕೈಹಿಡಿದದ್ದು ಯಾವುದು ಬಲ್ಲಿರಾ? 1979ರಲ್ಲಿ ಕಾರ್ಮಿಕ ಸಂಘಗಳೂ ಸಂಸ್ಥೆಯೂ ಸಹಿ ಮಾಡಿದ್ದ ಒಂದು ಒಪ್ಪಂದ. ಬಣ್ಣಗುರುಡೆಂದು ಕಂಡುಬಂದ ಡ್ರೈವರುಗಳಿಗೆ ಬೇರೆ ಕೆಲಸ ಕೊಡಬೇಕು, ಸಂಬಳ ಕಡಿಮೆಯಾಗಕೂಡದು ಎಂದು ಅದರ ಒಂದು ಕಲಮಿನಲ್ಲಿ ಬರೆದಿತ್ತು. 2025ರ ಆಗಸ್ಟಿನಲ್ಲಿ ಕೋರ್ಟು ಆ ಕಲಮು ಈಗಲೂ ಸಂಸ್ಥೆಯನ್ನು ಕಟ್ಟುತ್ತದೆ ಎಂದು ಹೇಳಿ, ಅವರಿಗೆ ತಕ್ಕ ಕೆಲಸ ಕೊಡಬೇಕೆಂದೂ ಹಿಂದಿನ ಬಾಕಿಯಲ್ಲಿ ಶೇಕಡಾ 25ನ್ನು ಕೊಡಬೇಕೆಂದೂ ಆಜ್ಞೆ ಮಾಡಿತು. ಆ ಕಲಮು ಬರೆಸಿದವರು ಯಾರೋ, ಅವರಲ್ಲಿ ಎಷ್ಟು ಮಂದಿ ಇದ್ದಾರೋ! ನಲವತ್ತಾರು ವರ್ಷಗಳ ಮೇಲೆ ಅವರು ಎಂದೂ ನೋಡದ ಒಬ್ಬನ ಅನ್ನ ಅದರಿಂದ ಉಳಿಯಿತು. ಸಂಘ ಯಾಕೆ, ವರ್ಗಣಿ ಯಾಕೆ ಎಂದು ಕೇಳುವವರಿಗೆ ನಾನು ಇನ್ನು ಮೇಲೆ ಇದನ್ನೇ ಹೇಳುವವನಿದ್ದೇನೆ.

ಹೋಟೆಲಿನ ಕೆಲಸಕ್ಕೂ ಒಂದು ಮಾತು ಸೇರಿಸುತ್ತೇನೆ. ತಿಂಡಿಯ ಪೊಟ್ಟಣಗಳ ಮೇಲೆ ಸಸ್ಯಾಹಾರಕ್ಕೆ ಹಸಿರು ಬೊಟ್ಟು, ಮಾಂಸಾಹಾರಕ್ಕೆ ಕಂದು ಬೊಟ್ಟು ಇರುತ್ತಿತ್ತು. ಎರಡೂ ಉರುಟು, ಬಣ್ಣಗುರುಡನಿಗೆ ಎರಡೂ ಒಂದೇ. 2020ರ ನಿಯಮಗಳಲ್ಲಿ ಮಾಂಸಾಹಾರದ ಗುರುತನ್ನು ಕಂದು ತ್ರಿಕೋನವಾಗಿ ಮಾಡಿದರು. ಈಗ ಆಕಾರದಿಂದಲೇ ತಿಳಿಯುತ್ತದೆ. ಖರ್ಚು ಏನೂ ಇಲ್ಲ, ಒಂದು ಗೆರೆ ಬೇರೆಯಾಗಿ ಎಳೆದದ್ದು ಅಷ್ಟೆ. ನಮ್ಮ ಅಡುಗೆಮನೆಯಲ್ಲಿಯೂ ಹೀಗೆ ಮಾಡಬಹುದು. ಡಬ್ಬಗಳಿಗೆ ಬಣ್ಣದ ಚೀಟಿ ಅಂಟಿಸುವ ಬದಲು ಹೆಸರು ಬರೆಯಿರಿ. ಕೆಂಪು ದೀಪ ಹಸಿರು ದೀಪಗಳಿರುವ ಯಂತ್ರದ ಪಕ್ಕದಲ್ಲಿ, ಮೇಲಿನ ದೀಪ ಹತ್ತಿದರೆ ನಿಲ್ಲಿಸಬೇಕು, ಕೆಳಗಿನದಾದರೆ ನಡೆಸಬೇಕು ಎಂದು ಬರೆದು ಹಾಕಿರಿ. ಟೊಮೇಟೊ ಹಣ್ಣಾಯಿತೇ ಕಾಯಿಯೇ ಎಂದು ಆರಿಸುವ ಹುಡುಗ ತಪ್ಪಿದರೆ, ಭಟ್ಟರು ಬೈಯುವ ಮೊದಲು ಒಮ್ಮೆ ಅವನ ಕಣ್ಣಿನ ವಿಷಯ ವಿಚಾರಿಸಲಿ. ಕೈಯಿಂದ ಒತ್ತಿ ನೋಡಲು ಕಲಿಸಲಿ.

ಕೊನೆಯದಾಗಿ ನಮ್ಮ ಹುಡುಗರಿಗೆ ಮೂರು ಮಾತು. ನೌಕರಿಗೆ ಅರ್ಜಿ ಹಾಕುವ ಮೊದಲೇ ಕಣ್ಣಿನ ಪರೀಕ್ಷೆ ಮಾಡಿಸಿಕೊಳ್ಳಿರಿ. ಎಲ್ಲ ಹುದ್ದೆಗಳಿಗೂ ಒಂದೇ ಅಳತೆ ಇಲ್ಲ. ನಿಮ್ಮ ಕಣ್ಣಿಗೆ ಒಪ್ಪುವ ಹುದ್ದೆ ಯಾವುದೆಂದು ತಿಳಿದು ಅದಕ್ಕೆ ಓದಿರಿ. ಪುಸ್ತಕದ ಅಂಕಿಗಳನ್ನು ಬಾಯಿಪಾಠ ಮಾಡಿ ಪಾಸಾಗುವ ಉಪಾಯ ಹೇಳಿಕೊಡುವವರಿದ್ದಾರೆ, ಅವರ ಮಾತು ಕೇಳಬೇಡಿ. ಮುಂದೆ ಸಿಕ್ಕಿಬಿದ್ದರೆ ಕೆಲಸವೂ ಹೋಗುತ್ತದೆ, ಮಾನವೂ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ನಿಮ್ಮನ್ನು ನಂಬಿದವರ ಜೀವಕ್ಕೆ ಅಪಾಯ. ಕೆಂಪು ಕಾಣದಿರುವುದನ್ನು ಮುಚ್ಚಿಟ್ಟು ಒಂಟಿಯಾಗಿ ಬೇಟೆಗೆ ಹೋದವನು ಗಾಯಗೊಂಡ ಜೀವವನ್ನು ಕಾಡಿನಲ್ಲಿ ಬಿಟ್ಟು ಬರುತ್ತಾನೆ. ಹೇಳಿಕೊಂಡು, ಜೊತೆಗಾರನನ್ನು ಕರೆದುಕೊಂಡು ಹೋದವನು ಅದನ್ನು ಹುಡುಕುತ್ತಾನೆ.

ದೊಡ್ಡವರಾದ ನಾವು ಮಾಡಬೇಕಾದದ್ದು ಇಷ್ಟು: ಹೇಳಿಕೊಂಡವನಿಗೆ ನಷ್ಟವಾಗದಂತೆ ನೋಡಿಕೊಳ್ಳುವುದು. ಇಲ್ಲಿ ಬೇರೆ ಬೇರೆ ಕಾರ್ಖಾನೆ, ಸಾರಿಗೆ, ಹೋಟೆಲುಗಳ ಸಂಘಗಳಲ್ಲಿ ಇರುವವರು ಕುಳಿತಿದ್ದೀರಿ. ಮುಂದಿನ ಒಪ್ಪಂದದ ಮಾತುಕತೆಗೆ ಹೋಗುವಾಗ 1979ರ ಆ ಕಲಮಿನಂಥ ಒಂದು ಕಲಮನ್ನು ನಿಮ್ಮ ಬೇಡಿಕೆಯ ಪಟ್ಟಿಯಲ್ಲಿಯೂ ಬರೆದುಕೊಳ್ಳಿರಿ. ಬಣ್ಣದ ಕಣ್ಣಿಗೆ ಮಾತ್ರವಲ್ಲ, ಕಿವಿ, ಬೆನ್ನು, ಕೈಗಳಿಗೂ ಅದು ಅನ್ವಯಿಸಲಿ.

ತಮ್ಮ ಕಣ್ಣಿನ ವಿಷಯ ಕೇಳಬೇಕೆನ್ನುವವರು ವಾರದ ಯಾವ ಸಂಜೆಯಾದರೂ ಸಂಘದ ಕಚೇರಿಗೆ ಬರಬಹುದು. ಇತರರ ಎದುರಿಗೆ ಕೇಳಲು ಸಂಕೋಚವಾದರೆ ವಾಚನಾಲಯ ಮುಚ್ಚಿದ ಮೇಲೆ ಬನ್ನಿ, ನಾನು ಇರುತ್ತೇನೆ.